ಮನೆಯ ಮಿಷನ್ನಿಗೆ ಅಂಟಿಸಿದ ಸ್ಟಿಕ್ಕರ್

ಬಳ್ಳಾರಿಯ ಪಾರ್ವತಿನಗರದಲ್ಲಿ ಫಾರೂಕನ ಕಂಪ್ಯೂಟರ್ ಅಂಗಡಿಯನ್ನು ಹುಡುಕುವುದು ಕಷ್ಟವಲ್ಲ, ಅಲ್ಲಿಂದ ಬರಿಗೈಯಲ್ಲಿ ವಾಪಸು ಬರುವುದು ಕಷ್ಟ. ಕೆಟ್ಟುಹೋದ ಭಾಗವನ್ನು ಕಂಪನಿಗೆ ಕಳಿಸಿದರೆ ಅದು ಬದಲಾಗಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಗಿರಾಕಿ ಕೈಕಟ್ಟಿ ಕೂರಬಾರದಲ್ಲ. ಅದಕ್ಕೆ ಫಾರೂಕ್ ಒಂದು ಪದ್ಧತಿ ಇಟ್ಟುಕೊಂಡಿದ್ದ. ಮನೆಯ ಕಂಪ್ಯೂಟರಿನಿಂದ ಅದೇ ಭಾಗವನ್ನು ಬಿಚ್ಚಿ ತಂದು, "ಎರಡ್ ದಿನದ ಮಟ್ಟಿಗೆ ಇದನ್ನ ಹಾಕ್ಕೊಂಡಿರ್ರಿ, ನಿಮ್ದು ಬಂದ್ಮ್ಯಾಲೆ ತಂದ್ಕೊಡ್ರಿ" ಎಂದು ಅವರ ಕಂಪ್ಯೂಟರಿಗೆ ಹಾಕಿ ಕಳಿಸುತ್ತಿದ್ದ.

ತಂದುಕೊಡುವವರು ಇದ್ದರು, ಇಲ್ಲ ಅಂತಲ್ಲ. ಆದರೆ ಚೆನ್ನಾಗಿ ಓಡುತ್ತಿರುವ ಕಂಪ್ಯೂಟರನ್ನು ಮತ್ತೆ ಬಿಚ್ಚಿಸಿಕೊಂಡು ಬರುವಷ್ಟು ಪುರಸೊತ್ತು ಯಾರಿಗಿದೆ? ಕಂಪನಿಯಿಂದ ಹೊಸ ಭಾಗ ಬಂದ ಮೇಲೂ, "ಭಾಯ್, ಓಡ್ತಾ ಐತಿ, ಯಾಕ ಮುಟ್ಟೋದು? ಆ ಹೊಸಾದನ್ನ ನೀವಽ ಇಟ್ಕೊಳ್ರಿ" ಎನ್ನುತ್ತಿದ್ದರು. ಆ ಹೊಸದು ಮನೆ ಮುಟ್ಟುವಷ್ಟರಲ್ಲಿ ಇನ್ನೊಬ್ಬ ಬಂದಿರುತ್ತಿದ್ದ. ಹೀಗೆ ಫಾರೂಕನ ಮನೆಯ ಕಂಪ್ಯೂಟರಿಗೆ ಪಕ್ಕದ ತಗಡು ಹಾಕಿದ್ದನ್ನು ಕಂಡವರೇ ಇಲ್ಲ. ಪಡಸಾಲೆಯ ಮೂಲೆಯಲ್ಲಿ ಹೊಟ್ಟೆ ತೆರೆದುಕೊಂಡು ಅದು ನಿಂತಿರುತ್ತಿತ್ತು. ಒಂದು ದಿನ ರ್ಯಾಮ್ ಇರುತ್ತಿರಲಿಲ್ಲ, ಇನ್ನೊಂದು ದಿನ ಫ್ಯಾನ್. ಫಾರೂಕನ ಹೆಂಡತಿ ಪರ್ವೀನ್ ಮನೆಯಲ್ಲೇ ಜೀನ್ಸ್ ಪ್ಯಾಂಟ್ ಹೊಲಿಯುವವಳು. ಅವಳ ಯಂತ್ರದ ನೀಲಿ ನೂಲಿನ ದೂಳೆಲ್ಲ ಆ ತೆರೆದ ಹೊಟ್ಟೆಯೊಳಗೆ ಹೋಗಿ ಕೂರುತ್ತಿತ್ತು. "ಮಂದಿ ಮನಿಗೆ ಬಂದೋರು ಚಾ ಕುಡದು ಹೋಗ್ತಾರ, ನಮ್ಮನಿಗೆ ಬಂದೋರು ಚಾನೂ ಕುಡದು ರ್ಯಾಮೂ ಒಯ್ತಾರ" ಎಂದು ಅವಳು ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಎಷ್ಟು ಪಾಲು ನಗು, ಎಷ್ಟು ಪಾಲು ಸಿಟ್ಟು ಎಂದು ಫಾರೂಕ್ ಯಾವತ್ತೂ ಕೇಳಲು ಹೋಗಲಿಲ್ಲ.

ಅವನು ಒಳ್ಳೆಯವನು. ಊರೆಲ್ಲ ಹಾಗೇ ಹೇಳುತ್ತದೆ. ಆದರೆ ಒಳ್ಳೆಯವರ ಮನೆಯಲ್ಲಿ ಬದುಕುವವರನ್ನು ಊರು ಒಂದು ಮಾತು ಕೇಳುವುದಿಲ್ಲ. ಕೇಳಿದ್ದರೆ ಫಾರೂಕನ ಮಗಳು ಆಸ್ಫಿಯಾ ಹೇಳಲು ಬೇಕಾದಷ್ಟು ಇಟ್ಟುಕೊಂಡಿದ್ದಳು.

ಆಸ್ಫಿಯಾಗೆ ಲಾರಿ ಓಡಿಸುವ ಆಟದ ಹುಚ್ಚು. ಕಂಪ್ಯೂಟರಿನಲ್ಲಿ ಯಾವುದೋ ದೇಶದ ರಸ್ತೆ, ಹಿಮ ಬೀಳುವ ಘಾಟಿ, ಹದಿನೆಂಟು ಚಕ್ರದ ಗಾಡಿ. ಅದನ್ನು ಓಡಿಸುತ್ತಾ ಅವಳು ಬಳ್ಳಾರಿ ಕನ್ನಡದಲ್ಲಿ ಮಾತಾಡುತ್ತಾಳೆ, ಅದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾಳೆ, ಒಮ್ಮೊಮ್ಮೆ ನೇರಪ್ರಸಾರವನ್ನೂ ಮಾಡುತ್ತಾಳೆ. ಕೇಳುವವರು ಒಂದಿಷ್ಟು ಮಂದಿ ಇದ್ದಾರೆ, ಅವರಲ್ಲಿ ನಿಜವಾದ ಲಾರಿ ಡ್ರೈವರುಗಳೂ ಇದ್ದಾರೆ. ಈ ಹುಚ್ಚು ಹತ್ತಿಸಿದ್ದು ಅವಳ ತಾತ, ಫಾರೂಕನ ಅಪ್ಪ ನನ್ನೇಸಾಬ. ಅವನು ಸಿರುಗುಪ್ಪದ ಮಿಲ್ಲುಗಳಿಂದ ಅಕ್ಕಿ ಲೋಡು ಹೇರಿಕೊಂಡು ದೇಶವೆಲ್ಲ ತಿರುಗಿದವನು. ಕಾಲು ಸೋತು ಮನೆ ಹಿಡಿದ ಮೇಲೆ ಮೊಮ್ಮಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತು, "ಲೇ, ಇಳಿಜಾರಿನಾಗ ಬ್ರೇಕ್ ತುಳೀತಾರೇನ? ಗೇರ್ ಇಳಿಸಲೇ" ಎಂದು ಬೈಯುತ್ತಿದ್ದ. ಆ ಬೈಗುಳವೆಲ್ಲ ರೆಕಾರ್ಡ್ ಆಗಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿತ್ತು. ಯೂಟ್ಯೂಬಿಗೆ ಹಾಕಿದ್ದು ಸ್ವಲ್ಪ. ಉಳಿದದ್ದನ್ನೆಲ್ಲ ನಿಧಾನಕ್ಕೆ ಹಾಕಿದರಾಯಿತು ಎಂದು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು.

ನನ್ನೇಸಾಬ ತೀರಿಕೊಂಡ ವರ್ಷವೇ ಸಿರುಗುಪ್ಪದ ಕೊಟ್ರಬಸಪ್ಪನ ಆನ್‌ಲೈನ್ ಸೆಂಟರಿನ ಹಾರ್ಡ್ ಡಿಸ್ಕ್ ಸುಟ್ಟಿತು. ರೈತರು ಬೆಳೆವಿಮೆ ಅರ್ಜಿ ಹಾಕಲು ಸಾಲುಗಟ್ಟಿ ನಿಂತಿದ್ದಾರೆ ಎಂದು ಕೊಟ್ರಬಸಪ್ಪ ಓಡಿಬಂದ. ಫಾರೂಕ್ ಮನೆಗೆ ಹೋಗಿ ಡಿಸ್ಕ್ ಬಿಚ್ಚಿದ, ಅಂಗಡಿಗೆ ತಂದ, ಯಾವಾಗಲೂ ಮಾಡುವಂತೆ ಅದರಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿ ಕೊಟ್ಟ. ಮಗಳು ಕಾಲೇಜಿನಿಂದ ಬಂದು ಕೇಳಿದಾಗಲೇ ಅವನಿಗೆ ತಾನು ಮಾಡಿದ್ದೇನೆಂದು ಗೊತ್ತಾದದ್ದು. ಆಸ್ಫಿಯಾ ಕೂಗಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಮರುದಿನ ಎಂದಿನಂತೆ ಕಾಲೇಜಿಗೆ ಹೋದಳು. ಆಮೇಲೆ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಫಾರೂಕನಿಗೆ ಈಗಲೂ ಅನ್ನಿಸುತ್ತದೆ.

ಇದಾಗಿ ಎರಡು ಬೇಸಿಗೆ ಕಳೆದಿದ್ದವು. ಡಿಗ್ರಿ ಮುಗಿಸುತ್ತಲೇ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಆಸ್ಫಿಯಾ ಕಂಪ್ಯೂಟರಿಗೆಂದು ಹಣ ಕೂಡಿಟ್ಟಿದ್ದಳು. ಒಂದು ಭಾನುವಾರ ಊಟದ ಹೊತ್ತಿಗೆ ಅಪ್ಪನ ಮುಂದೆ ಮೊಬೈಲ್ ಹಿಡಿದಳು.

"ಅಬ್ಬಾ, ನಾ ಇದನ್ನ ತಗೋಬೇಕಂತ ಅದೀನಿ. ಗೇಮಿಂಗ್ ಮಿಷನ್. ಬ್ರ್ಯಾಂಡೆಡ್."

ಫಾರೂಕ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನ ಕಸುಬಿನಲ್ಲಿ ಜಗತ್ತು ಎರಡೇ ಪಾಲು: ಬ್ರ್ಯಾಂಡೆಡ್ ಅಂದರೆ ಕಂಪನಿಯೇ ಜೋಡಿಸಿ ಡಬ್ಬಿಯಲ್ಲಿಟ್ಟು ಕಳಿಸಿದ್ದು, ಅಸೆಂಬಲ್ಡ್ ಅಂದರೆ ಅವನಂಥವರು ಒಂದೊಂದು ಭಾಗ ಆರಿಸಿ ಕೂಡಿಸಿದ್ದು. ಇಪ್ಪತ್ತೈದು ವರ್ಷದಿಂದ ಅವನು ಉಂಡದ್ದು ಎರಡನೆಯದರ ಅನ್ನ. ಈಚೆಗೆ ಜನ ಡಬ್ಬಿಯ ಕಡೆಗೇ ಹೋಗುತ್ತಿದ್ದಾರೆ, ಅಂಗಡಿಗೆ ಬರುವುದು ಬರೀ ರಿಪೇರಿ. ಅದಕ್ಕೆ ಅವನು ಒಗ್ಗಿಕೊಂಡಿದ್ದ. ಆದರೆ ಡಬ್ಬಿ ತನ್ನ ಮನೆಯ ಹೊಸ್ತಿಲಿಗೇ ಬರುತ್ತದೆ ಎಂದುಕೊಂಡಿರಲಿಲ್ಲ.

"ನಾನು ಇರೂತನ ನೀ ಡಬ್ಬಿ ತಗೊಂತಿ?" ಎಂದ.

"ಹಂಗಲ್ಲ ಅಬ್ಬಾ."

"ಮತ್ತ ಹೆಂಗ? ಒಳಗ ಎಂಥ ಪವರ್ ಸಪ್ಲೈ ಹಾಕ್ಯಾರಂತ ಬರದಾರೇನು ನೋಡು. ಬರದಿರಂಗಿಲ್ಲ. ಬೋರ್ಡ್ ಅವರದ ಸ್ವಂತ ಅಳತಿದು, ನಾಳೆ ಹೋತಂದ್ರ ಬ್ಯಾರೆ ಕೂಡಂಗಿಲ್ಲ. ಮುಂದೆಲ್ಲ ಗಾಜು. ಗಾಳಿ ಎಲ್ಲಿಂದ ಬರಬೇಕು? ಚೈತ್ರದಾಗ ಬಳ್ಳಾರಿ ಬಿಸಿಲು ಗೊತ್ತೈತಲ್ಲ ನಿನಗ."

ಆಸ್ಫಿಯಾಗೆ ಗೊತ್ತಿತ್ತು. ಅವಳೂ ತಿಂಗಳುಗಟ್ಟಲೆ ಇದನ್ನೇ ಓದಿದ್ದಳು. ಬ್ರ್ಯಾಂಡೆಡ್ ಆದರೆ ಮೂರು ವರ್ಷ ಯಾವ ತಲೆನೋವೂ ಇಲ್ಲ, ಏನೇ ಕೆಟ್ಟರೂ ಒಂದೇ ನಂಬರಿಗೆ ಫೋನ್ ಮಾಡಿದರೆ ಮನೆಗೇ ಬಂದು ನೋಡುತ್ತಾರೆ. ಅಸೆಂಬಲ್ ಮಾಡಿಸಿದರೆ ಅದೇ ದುಡ್ಡಿಗೆ ಇನ್ನೊಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ, ಮುಂದೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು, ಆದರೆ ಒಂದೊಂದು ಭಾಗದ ವಾರಂಟಿಗೂ ಒಂದೊಂದು ಬಾಗಿಲು ತಟ್ಟಬೇಕು. ಎರಡರ ಗುಣವನ್ನೂ ಅವಳು ಅಪ್ಪನಿಗಿಂತ ಸಮಾಧಾನವಾಗಿ ಹೇಳಿದಳು. ಫಾರೂಕನ ಸಿಟ್ಟು ಏರಿದ್ದು ಅದಕ್ಕೇ.

ಪರ್ವೀನ್ ನಡುವೆ ಬಾಯಿ ಹಾಕಿದಳು. "ರೆಡಿಮೇಡ್ ಅಂದ್ರೇನ್ರೀ? ಅದನ್ನೂ ಯಾರೋ ಕುಂತು ಹೊಲದಿರ್ತಾರ. ನಾ ಹೊಲದ ಪ್ಯಾಂಟ್ ಮುಂಬೈದಾಗ ಕಂಪನಿ ಹೆಸರ ಮ್ಯಾಲೆ ಹೋಗಂಗಿಲ್ಲೇನು? ಹುಡುಗಿಗೆ ಯಾವುದು ಬೇಕೋ ಅದನ್ನ ತಗೊಳ್ಳಿ."

"ಹೊಲದೋರು ಎದುರಿಗಿದ್ರೂ ಮಂದಿ ಮಾಡಿದ್ದು ಯಾಕ ಬೇಕಂತ ಕೇಳಾಕತ್ತೀನಿ ನಾನು," ಎಂದ ಫಾರೂಕ್. ಆಸ್ಫಿಯಾ ತಟ್ಟೆ ಎತ್ತಿಕೊಂಡು ಎದ್ದಳು.

ಬುಧವಾರ ಇಬ್ಬರೂ ಪೇಟೆಯ ದೊಡ್ಡ ಶೋರೂಮಿಗೆ ಹೋದರು. ಹೋಗೋಣ ಎಂದದ್ದು ಫಾರೂಕನೇ. ಕಣ್ಣಾರೆ ನೋಡಿದರೆ ಮಗಳೇ ಬೇಡವೆನ್ನುತ್ತಾಳೆ ಎಂಬ ಲೆಕ್ಕ ಅವನದು. ಎ.ಸಿ. ತಂಪಿನಲ್ಲಿ ಆ ಯಂತ್ರ ಬಣ್ಣಬಣ್ಣದ ದೀಪ ಉರಿಸುತ್ತಾ ನಿಂತಿತ್ತು. ಫಾರೂಕ್ ಅದರ ಸುತ್ತ ಒಂದು ಸುತ್ತು ಹಾಕಿ, ಗಾಜಿನ ಮೇಲೆ ಅಂಗೈ ಇಟ್ಟು, ಹಿಂಬದಿಗೆ ಬಗ್ಗಿ ನೋಡಿದ. ಬಗ್ಗಿದ ಬೆನ್ನು ನೆಟ್ಟಗಾಗಲು ಒಂದು ನಿಮಿಷ ಹಿಡಿಯಿತು.

"ಬಿಸಿ ಆಗಂಗಿಲ್ಲೇನಪ್ಪ ಇದು?" ಎಂದು ಸೇಲ್ಸ್‌ನವನನ್ನು ಕೇಳಿದ.

"ಎ.ಸಿ. ರೂಮಿನಾಗ ಇಟ್ರ ಏನೂ ಆಗಲ್ರಿ ಸರ್."

"ಎ.ಸಿ. ಇಲ್ಲದೋರು?"

"ಕೂಲರ್ ಮುಂದ ಇಡ್ರಿ."

ಫಾರೂಕ್ ಮಗಳ ಕಡೆ ತಿರುಗಿದ. ನೀರಿನ ಕೂಲರ್ ಎದುರಿಗೆ ಕಂಪ್ಯೂಟರ್ ಇಟ್ಟು, ತಂಪಾಗಲಿ ಎಂದು ಬೇಸಿಗೆಯಿಡೀ ಒದ್ದೆ ಗಾಳಿ ಕುಡಿಸಿ, ಬೋರ್ಡಿಗೆ ತುಕ್ಕು ಹಿಡಿಸಿಕೊಂಡವರು ಪ್ರತಿ ವರ್ಷ ಅವನ ಅಂಗಡಿಗೆ ಬರುತ್ತಾರೆ. ಈಚೆಗೆ ಸಂಗನಕಲ್ಲಿನಿಂದ ಒಬ್ಬರು ಬಂದಿದ್ದರು. ಇದು ಆಸ್ಫಿಯಾಗೂ ಗೊತ್ತು. ಗೆದ್ದೆ ಅಂದುಕೊಂಡ ಫಾರೂಕ್. ಆದರೆ ಅವಳು ಗಾಜನ್ನೂ ನೋಡುತ್ತಿರಲಿಲ್ಲ, ದೀಪವನ್ನೂ ನೋಡುತ್ತಿರಲಿಲ್ಲ. ಹಿಂಬದಿಯ ಸ್ಕ್ರೂ ಮೇಲೆ ಅಂಟಿಸಿದ್ದ ಸಣ್ಣ ಬೆಳ್ಳಿ ಬಣ್ಣದ ಸ್ಟಿಕ್ಕರಿನ ಮೇಲೆ ಬೆರಳಿಟ್ಟಿದ್ದಳು.

"ಇದನ್ನ ಹರದ್ರ?" ಎಂದು ಕೇಳಿದಳು.

"ವಾರಂಟಿ ಹೋತು ಅಂತ ತಿಳ್ಕೊಳ್ರಿ ಮೇಡಂ. ಕಂಪನಿ ಎಂಜಿನಿಯರ್ ಬಿಟ್ಟು ಯಾರೂ ಮುಟ್ಟಂಗಿಲ್ಲ."

"ಯಾರೂ?"

"ಯಾರೂ ಅಂದ್ರ ಯಾರೂರಿ."

ಅವಳು ಅಪ್ಪನ ಮುಖ ನೋಡಲಿಲ್ಲ. ನೋಡದೇ ಇದ್ದುದರಿಂದಲೇ ಫಾರೂಕನಿಗೆ ತಿಳಿಯಿತು. ಅವಳಿಗೆ ಬೇಕಾಗಿದ್ದದ್ದು ದೀಪವಲ್ಲ, ಗಾಜಲ್ಲ, ಮೂರು ವರ್ಷದ ಸರ್ವೀಸೂ ಅಲ್ಲ. ತನ್ನ ಅಪ್ಪನ ಕೈ ಹೋಗದ ಡಬ್ಬಿ. ಅಷ್ಟು ದೊಡ್ಡ ಶೋರೂಮಿನಲ್ಲಿ, ಅಷ್ಟು ತಂಪಿನಲ್ಲಿ, ಅವನ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು, ಅದರ ಹಿಂದೆಯೇ ಎಂದೂ ಇಲ್ಲದಷ್ಟು ಸುಸ್ತಾಯಿತು.

"ಇದನ್ನಽ ತಗೋ ಆಸ್ಫಿ," ಎಂದ. "ಛಲೋ ಐತಿ."

ಛಲೋ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಸೇಲ್ಸ್‌ನವನಿಗೆ "ನಾಳೆ ಬರ್ತೀವ್ರಿ" ಎಂದು ಹೇಳಿ ಹೊರಗೆ ನಡೆದಳು.

ಹೊರಗೆ ಬಿಸಿಲು ಮುಖಕ್ಕೆ ಹೊಡೆಯಿತು. ಸ್ಕೂಟರ್ ನಿಲ್ಲಿಸಿದ್ದ ಬೇವಿನ ಮರದ ಕೆಳಗೆ ಬಂದಾಗ ಆಸ್ಫಿಯಾ ಮಾತಾಡಿದಳು. "ಅಬ್ಬಾ, ನೀ ಗಿರಾಕಿಗೆ ಕೊಡೋ ಮಿಷನ್‌ಗೆ ಅಂಗಡಿ ಸ್ಟಿಕ್ಕರ್ ಹಚ್ತೀಯಲ್ಲ?"

"ಹೂಂ. ಬಿಚ್ಚಿದ್ರ ಗ್ಯಾರಂಟಿ ಇಲ್ಲಂತ."

"ನಮ್ಮನಿ ಮಿಷನ್‌ಗೆ ಯಾವತ್ತರ ಹಚ್ಚೀಯೇನು?"

ಫಾರೂಕ್ ಸಾವಿರಾರು ಯಂತ್ರಗಳಿಗೆ ಹಚ್ಚಿದ್ದ. ಮನೆಯದಕ್ಕೆ ಹಚ್ಚಬೇಕೆಂಬ ಯೋಚನೆಯೇ ಬಂದಿರಲಿಲ್ಲ.

"ನೀನಽ ಕಟ್ಟು. ನಿನ್ನಷ್ಟು ಛಲೋ ಯಾರು ಕಟ್ತಾರ," ಎಂದಳು ಅವಳು, ಬೇರೆ ಕಡೆ ನೋಡುತ್ತಾ. "ಆದ್ರ ಸ್ಟಿಕ್ಕರ್ ಹಚ್ಚಬೇಕು. ಅದರ ಮ್ಯಾಲೆ ನಾ ಸಹಿ ಮಾಡ್ತೀನಿ. ನಾ ಹೇಳದ ಹೊರತು ನೀ ಬಿಚ್ಚಂಗಿಲ್ಲ. ಯಾರು ಬಂದ್ರೂ."

"ಯಾರು ಬಂದ್ರೂ," ಎಂದ ಫಾರೂಕ್.

ಭಾಗಗಳು ಒಂದೊಂದಾಗಿ ಬಂದವು. ಎಲ್ಲ ಬಂದ ಮೇಲೆ ಶುಕ್ರವಾರ ನಮಾಜು ಮುಗಿಸಿ ಬಂದು ಅವನು ಅಂಗಡಿಯ ಮೇಜು ಖಾಲಿ ಮಾಡಿದ. ಗಾಜಿಲ್ಲದ, ಮುಂದೆಲ್ಲ ಜಾಲರಿ ಇರುವ ಕ್ಯಾಬಿನೆಟ್ ತರಿಸಿದ್ದ. ದೂಳು ತಡೆಯಲು ಪರ್ವೀನ್ ಆ ಅಳತೆಗೆ ಒಂದು ತೆಳು ಬಟ್ಟೆಯ ಪರದೆ ಹೊಲಿದು ಕೊಟ್ಟಿದ್ದಳು. ಹಿಂದೆಲ್ಲ ಮಾತಾಡುತ್ತಾ, ಚಹಾ ಕುಡಿಯುತ್ತಾ ಅರ್ಧ ಕಣ್ಣಿನಲ್ಲಿ ಮುಗಿಸುತ್ತಿದ್ದ ಕೆಲಸ ಅದು. ಈಗ ಹಾಗಲ್ಲ. ಸ್ವಿಚ್ಚಿನ ಸಣ್ಣ ವೈರುಗಳನ್ನು ಬೋರ್ಡಿನ ಮುಳ್ಳುಗಳಿಗೆ ಸಿಕ್ಕಿಸುವಾಗ ಕನ್ನಡಕ ಮೇಲೆ ಮಾಡಿದ, ಕೆಳಗೆ ಮಾಡಿದ, ಕೊನೆಗೆ ತೆಗೆದಿಟ್ಟ.

"ಇಲ್ಲಿ ಕೊಡು," ಎಂದು ಆಸ್ಫಿಯಾ ಒಂದೊಂದನ್ನೂ ಸಿಕ್ಕಿಸಿದಳು. ಅವನು ಟಾರ್ಚ್ ಹಿಡಿದು ನಿಂತ. ಅಪ್ಪ-ಮಗಳು ಅಷ್ಟು ಹೊತ್ತು ಒಂದೇ ಕಡೆ ತಲೆ ಬಗ್ಗಿಸಿಕೊಂಡು ನಿಂತು ಎಷ್ಟು ಕಾಲವಾಗಿತ್ತೋ. ಫ್ಯಾನ್ ತಿರುಗಿತು. ಪಕ್ಕದ ತಗಡು ಮುಚ್ಚಿ, ಸ್ಕ್ರೂ ಬಿಗಿದು, ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ಫಾರೂಕ್ ಪೆನ್ನು ಕೊಟ್ಟ. ಅವಳು ಒತ್ತಿ ಒತ್ತಿ ಸಹಿ ಮಾಡಿದಳು.

ಆ ಯಂತ್ರ ತಿಂಗಳೊಪ್ಪತ್ತು ಚೆನ್ನಾಗಿ ಓಡಿತು. ಅಷ್ಟರಲ್ಲಿ ಮದುವೆಗಳು ಶುರುವಾದವು, ಕುರುಗೋಡಿನ ದೊಡ್ಡಬಸವರಾಜ ಬಂದ.

ದೊಡ್ಡಬಸವರಾಜ ಕುರುಗೋಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಮದುವೆ ವಿಡಿಯೋ ಮಾಡುವವನು, ಫಾರೂಕನ ಹಳೆಯ ಗಿರಾಕಿ. ವಿಡಿಯೋ ಕೂಡಿಸುವುದಕ್ಕೂ ಗೇಮ್ ಆಡುವುದಕ್ಕೂ ಬೇಕಾಗುವುದು ಒಂದೇ ಬಗೆಯ ಗ್ರಾಫಿಕ್ಸ್ ಕಾರ್ಡ್. ಅವನದು ಸತ್ತಿತ್ತು. ಆ ಬಗೆಯದು ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ, ಕಂಪನಿಯಿಂದ ಬರುವ ಹೊತ್ತಿಗೆ ಮದುವೆ ಕಾಲವೇ ಮುಗಿದಿರುತ್ತದೆ.

"ಮನ್ಯಾಗ ಇರತೈತಲ್ಲ ಭಾಯ್, ನಿಮ್ಮತ್ರ," ಎಂದ. ಕೇಳುವ ದನಿಯಲ್ಲ ಅದು, ಗೊತ್ತಿರುವುದನ್ನು ನೆನಪಿಸುವ ದನಿ.

ಫಾರೂಕನ ಬಾಯಿಗೆ ಆ ಹಳೆಯ ಮಾತು ಬಂದೇಬಿಟ್ಟಿತ್ತು. ನುಂಗಿಕೊಂಡ. "ಇಲ್ಲ ಬಸವರಾಜ. ಮನ್ಯಾಗಿಂದು ಆಗಂಗಿಲ್ಲ."

ದೊಡ್ಡಬಸವರಾಜನಿಗೆ ಸಿಟ್ಟು ಬರಲಿಲ್ಲ. ಗೊಂದಲವಾಯಿತು. ಅವನು ಫಾರೂಕನ ಮುಖವನ್ನೇ ಒಂದು ಗಳಿಗೆ ನೋಡಿ, ಕೆಟ್ಟ ಕಾರ್ಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದ. ಆ ಸಂಜೆ ಫಾರೂಕ್ ಬೇಗ ಅಂಗಡಿ ಮುಚ್ಚಿದ. ಇಲ್ಲ ಎನ್ನುವುದು ಇಷ್ಟು ಭಾರದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಊಟಕ್ಕೆ ಕೂತವನು ಅರ್ಧ ರೊಟ್ಟಿಗೇ ಕೈ ತೊಳೆದ, ಪರ್ವೀನ್ ಕೇಳಿದ್ದಕ್ಕೆ ಬಿಸಿಲಿನ ಮೇಲೆ ಹಾಕಿದ.

ಮರುದಿನ ಮಧ್ಯಾಹ್ನ ಮನೆಗೆ ಬಂದಾಗ ಕ್ಯಾಬಿನೆಟ್ಟಿನ ಹೊಟ್ಟೆ ತೆರೆದಿತ್ತು. ಸ್ಟಿಕ್ಕರ್ ನಡುವೆ ಹರಿದು, ಆಸ್ಫಿಯಾಳ ಹೆಸರು ಎರಡು ತುಂಡಾಗಿತ್ತು. ಗ್ರಾಫಿಕ್ಸ್ ಕಾರ್ಡ್ ಇರಬೇಕಾದ ಜಾಗ ಖಾಲಿಯಿತ್ತು. ಆ ಖಾಲಿ ಜಾಗ ಫಾರೂಕನಿಗೆ ಎಷ್ಟು ವರ್ಷಗಳ ಪರಿಚಯ. ಒಂದು ಗಳಿಗೆ ತಾನೇ ಯಾವಾಗಲೋ ಬಂದು ಬಿಚ್ಚಿಕೊಂಡು ಹೋದೆನೇನೋ ಎಂದು ಅನುಮಾನವೂ ಬಂತು.

"ಕುರುಗೋಡಿನ ಬಸಣ್ಣ ಬಂದಿದ್ದ," ಎಂದಳು ಆಸ್ಫಿಯಾ, ಒಳಗಿನಿಂದ ಬರುತ್ತಾ.

"ಕಾರ್ಡ್ ಕೇಳಿದ್ನಾ?"

"ಇಲ್ಲ. ನಿನಗ ಮೈಯಾಗ ಹುಷಾರಿಲ್ಲೇನಂತ ಕೇಳಾಕ ಬಂದಿದ್ದ. ಭಾಯ್ ನಿನ್ನೆ ಇಲ್ಲ ಅಂದ್ರವ್ವಾ, ಏನಾಗೈತಿ ಅವರಿಗೆ, ಡಾಕ್ಟರಿಗೆ ತೋರ್ಸೀರೇನು ಅಂದ. ಅವನ ಮಾರಿ ನೋಡಾಕ ಆಗಲಿಲ್ಲ ಅಬ್ಬಾ. ಮದುವಿಯೋರು ಮನಿ ಮುಂದ ಬಂದು ಕುಂತಾರಂತ. ನೀನೂ ನಿನ್ನೆ ಊಟ ಮಾಡಲಿಲ್ಲ." ಅವಳು ಬೆರಳಿಗೆ ಅಂಟಿದ್ದ ಸ್ಟಿಕ್ಕರಿನ ಚೂರನ್ನು ಉಜ್ಜಿ ತೆಗೆಯುತ್ತಿದ್ದಳು. "ಎರಡ್ ದಿನದ ಮಟ್ಟಿಗೆ ಅಷ್ಟ."

ಫಾರೂಕ್ ಕುರ್ಚಿಯಲ್ಲಿ ಕೂತ. ಬೇರೆ ಯಾರಾದರೂ ಆಗಿದ್ದರೆ ಮಗಳ ದೊಡ್ಡ ಗುಣಕ್ಕೆ ಹೆಮ್ಮೆಪಡುತ್ತಿದ್ದರೇನೋ. ಅವನಿಗೆ ಹೆದರಿಕೆಯಾಯಿತು. ಆ ಮಾತು ತನ್ನದು, ಆ ದನಿ ತನ್ನದು, ಬೆರಳು ಉಜ್ಜಿಕೊಳ್ಳುವ ಆ ಅವಸರವೂ ತನ್ನದು. ಇನ್ನು ಇಪ್ಪತ್ತು ವರ್ಷಕ್ಕೆ ಇವಳ ಮನೆಯಲ್ಲೂ ಒಂದು ಖಾಲಿ ಡಬ್ಬಿ ನಿಂತಿರುತ್ತದೆ, ಇವಳ ಮಕ್ಕಳೂ ಏನೂ ಕೂಗಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಪರ್ವೀನ್ ಬಡಿಸಿದ ತಟ್ಟೆಯನ್ನು ಹಾಗೇ ಬಿಟ್ಟು ಅವನು ಸ್ಕೂಟರಿನ ಕೀಲಿ ತೆಗೆದುಕೊಂಡ.

"ಎಲ್ಲಿಗೆ?" ಎಂದಳು ಪರ್ವೀನ್.

"ಕುರುಗೋಡಿಗೆ."

"ಈ ಬಿಸಿಲಾಗ?"

ಅವನು ಸ್ಕ್ರೂ ಡ್ರೈವರನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ. ಕೊಡುವಾಗ ಮಾತು ಹುಡುಕಿದವನಲ್ಲ. ವಾಪಸು ಕೇಳಲು ಅವನಿಗೆ ಒಂದು ಮಾತೂ ಬರುತ್ತಿರಲಿಲ್ಲ. ಕುರುಗೋಡು ಬಸ್‌ಸ್ಟ್ಯಾಂಡಿನ ಪಕ್ಕದ ಸ್ಟುಡಿಯೋದಲ್ಲಿ ದೊಡ್ಡಬಸವರಾಜ ಅವನನ್ನು ಕಂಡು ಎದ್ದುನಿಂತ, ಕೂಲರನ್ನು ಅವನ ಕಡೆ ತಿರುಗಿಸಿದ, ತಿನ್ನಲು ಮಂಡಕ್ಕಿಯ ವಗ್ಗಾಣಿ, ಮಿರ್ಚಿ ತರಿಸಿದ.

"ಬರ್ರಿ ಭಾಯ್, ನೀವಽ ಬಂದ್ರಲ್ಲ. ಮೈ ಹೆಂಗೈತಿ? ನಿಮ್ಮ ಮಗಳು ಭಾಳ ದೊಡ್ಡ ಮನಸು ಮಾಡಿದ್ಲು. ಥೇಟ್ ನಿಮ್ಮಂಗ."

ಪರದೆಯ ಮೇಲೆ ಯಾರದೋ ಮದುವೆ. ಮದುಮಗಳು ನಗುವುದು, ಅಕ್ಷತೆ ಬೀಳುವುದು, ಕೆಳಗೆ ಒಂದು ಹಸಿರು ಗೆರೆ ನಿಧಾನವಾಗಿ ಮುಂದೆ ಸರಿಯುವುದು. ಗೆರೆ ತುದಿ ಮುಟ್ಟಿದರೆ ವಿಡಿಯೋ ತಯಾರು. ನಡುವೆ ನಿಲ್ಲಿಸಿದರೆ ಎಲ್ಲ ಮೊದಲಿಂದ.

"ಇದು ಮುಗೀಲಿ," ಎಂದ ಫಾರೂಕ್. "ಆಮ್ಯಾಲೆ ನಾ ಕಾರ್ಡ್ ಒಯ್ತೀನಿ."

ದೊಡ್ಡಬಸವರಾಜ ನಕ್ಕ, ತಮಾಷೆ ಅಂದುಕೊಂಡು. ಆಮೇಲೆ ಫಾರೂಕನ ಜೇಬಿನಲ್ಲಿದ್ದ ಸ್ಕ್ರೂ ಡ್ರೈವರ್ ಕಂಡಿತು. "ಇನ್ನೊಂದು ಮದುವಿದು ಐತಿ ಭಾಯ್. ನಾಡಿದ್ದು ಕೊಡ್ತೀನಂತ ಮಾತು ಕೊಟ್ಟೀನಿ. ಎರಡ್ ದಿನದ—"

"ಆ ಮಾತು ಬ್ಯಾಡ ಬಸವರಾಜ. ಹೇಳಿ ಹೇಳಿ ನನಗಽ ಸಾಕಾಗೈತಿ. ನೀ ಅಂಗಡಿಗೆ ಬಾ. ನನ್ನ ಟೇಬಲ್ ಮ್ಯಾಲಿನ ಮಿಷನ್‌ದಾಗ ಮಾಡ್ಕೋ. ನಿಧಾನ ಆಕ್ಕತಿ, ಆದ್ರ ಆಕ್ಕತಿ. ಬೇಕಂದ್ರ ನಾನೂ ಕುಂದರ್ತೀನಿ ನಿನ್ನ ಜತಿಗೆ. ಇದು ಮಾತ್ರ ನನ್ನ ಮಗಳದು."

"ಆಕಿನಽ ಕೊಟ್ಲಲ್ರಿ."

"ಅದಕ್ಕಽ ಬಂದೀನಿ," ಎಂದ ಫಾರೂಕ್.

ವಗ್ಗಾಣಿ ಆರಿತು. ಹಸಿರು ಗೆರೆ ತುದಿ ಮುಟ್ಟುವವರೆಗೆ ಫಾರೂಕ್ ತನಗೆ ಗುರುತಿಲ್ಲದವರ ಮದುವೆಯನ್ನು ನೋಡುತ್ತಾ ಕೂತ. ಮುಗಿದ ಮೇಲೆ ಎದ್ದು ಬಿಚ್ಚಿದ. ಇಪ್ಪತ್ತೈದು ವರ್ಷದಲ್ಲಿ ಗಿರಾಕಿಯ ಎದುರಿಗೆ ಗಿರಾಕಿಯ ಯಂತ್ರದಿಂದ ತನ್ನದನ್ನು ತೆಗೆದುಕೊಂಡದ್ದು ಅದೇ ಮೊದಲು. ಒಂದು ಸ್ಕ್ರೂ ಕೆಳಗೆ ಬಿತ್ತು, ದೊಡ್ಡಬಸವರಾಜ ಅದನ್ನು ಎತ್ತಿಕೊಡಲಿಲ್ಲ. "ಅಂಗಡಿಗೆ ಬಾ ಮತ್ತ," ಎಂದು ಫಾರೂಕ್ ಬಾಗಿಲಲ್ಲಿ ಇನ್ನೊಮ್ಮೆ ಹೇಳಿದಾಗ ಅವನು "ನೋಡೋಣ ಬಿಡ್ರಿ" ಎಂದಷ್ಟೇ ಅಂದ. ಹಳೆಯ ಗಿರಾಕಿ ಕೈತಪ್ಪಿದನೆಂದು ಫಾರೂಕನಿಗೆ ಅನ್ನಿಸಿತು. ಬೇಸರವಾಯಿತು, ಬೇಸರವನ್ನು ಹೊತ್ತುಕೊಂಡೇ ಸ್ಕೂಟರ್ ಹತ್ತಿದ.

ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಆಸ್ಫಿಯಾ ಅಪ್ಪನ ಕೈಯಲ್ಲಿನ ಪೊಟ್ಟಣ ನೋಡಿ, "ಯಾಕ ತಂದಿ ಅಬ್ಬಾ? ಪಾಪ," ಎಂದಳು.

ಅವನು ನೆಲದ ಮೇಲೆ ಕೂತು ಕಾರ್ಡನ್ನು ಅದರ ಜಾಗಕ್ಕೆ ಕೂಡಿಸಿದ. ತಗಡು ಮುಚ್ಚಿದ. ಆಮೇಲೆ ಅಲ್ಲೇ ಗೋಡೆಗೆ ಒರಗಿದ.

"ನನ್ನಂಗ ಆಗಬ್ಯಾಡ ಆಸ್ಫಿ," ಎಂದ. "ಕೊಟ್ಟು ಕೊಟ್ಟು ದಣದೀನಿ ನಾನು. ಮಂದಿ ಭಾಯ್ ಭಾಯ್ ಅಂತಾರ, ಕೇಳಾಕ ಛಲೋ ಇರತೈತಿ. ಆದ್ರ ಹೋಗಿದ್ದೆಲ್ಲ ನನ್ನದಲ್ಲ. ನಿಂದು ಹೋತು, ನಿಮ್ಮಮ್ಮಿದು ಹೋತು. ನಮ್ಮಪ್ಪನ ದನಿ ಹೋತು."

ಆ ಹಾರ್ಡ್ ಡಿಸ್ಕಿನ ಮಾತು ಆ ಮನೆಯಲ್ಲಿ ಎತ್ತಿದ್ದು ಅದೇ ಮೊದಲ ಸಲ. ಪರ್ವೀನಳ ಹೊಲಿಗೆ ಯಂತ್ರ ನಿಂತಿತು. ಆಸ್ಫಿಯಾ ಅಪ್ಪನ ಪಕ್ಕ ನೆಲದ ಮೇಲೆ ಕೂತಳು. "ಆಗಿಬಿಟ್ಟೀನಲ್ಲ ಅಬ್ಬಾ," ಎಂದಳು. ಅಳುತ್ತಿದ್ದಳು.

ಫಾರೂಕ್ ಜೇಬಿನಿಂದ ಸ್ಟಿಕ್ಕರ್ ಹಾಳೆ ತೆಗೆದ. ಒಂದನ್ನು ಬಿಡಿಸಿ ಸ್ಕ್ರೂ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದ. "ಇಬ್ಬರೂ ಸಹಿ ಮಾಡೋಣ," ಎಂದ. "ಬಿಚ್ಚೋದಾದ್ರ ಇಬ್ಬರೂ ಕೂಡಿ ಬಿಚ್ಚೋಣ. ನೀ ಬ್ಯಾಡಂದ್ರ ನಾ ಕೊಡಂಗಿಲ್ಲ, ನಾ ಬ್ಯಾಡಂದ್ರ ನೀ ಕೊಡಂಗಿಲ್ಲ."

"ಇಬ್ಬರೂ ಹೂಂ ಅಂದ್ರ?"

"ಆಗ ನಿಮ್ಮಮ್ಮಿನ ಕೇಳೋಣ."

"ಹಂಗಾರ ಅದು ಬಿಚ್ಚಿದಂಗಽ ಬಿಡ್ರಿ," ಎಂದಳು ಪರ್ವೀನ್ ಒಳಗಿನಿಂದ. ಆಸ್ಫಿಯಾ ಮೂಗು ಒರೆಸಿಕೊಂಡು ನಕ್ಕಳು. ಅಷ್ಟು ಸಣ್ಣ ಸ್ಟಿಕ್ಕರಿನಲ್ಲಿ ಎರಡು ಹೆಸರು ಹಿಡಿಸಲು ಇಬ್ಬರೂ ಕಷ್ಟಪಟ್ಟರು.

ಆಮೇಲೆ ಅವಳು ಯಂತ್ರ ಹಚ್ಚಿ, ಮೈಕು ಸರಿಮಾಡಿಕೊಂಡು, ಲಾರಿ ಹೊರಡಿಸಿದಳು. "ನೀನೂ ಕುಂದ್ರು ಅಬ್ಬಾ," ಎಂದು ನನ್ನೇಸಾಬ ಕೂರುತ್ತಿದ್ದ ಕುರ್ಚಿ ಎಳೆದಳು. ಫಾರೂಕ್ ಯಾವತ್ತೂ ಆ ಕುರ್ಚಿಯಲ್ಲಿ ಕೂತು ಮಗಳ ಆಟ ನೋಡಿದವನಲ್ಲ. ಕೂತ. ಪರದೆಯ ಮೇಲೆ ಎತ್ತರದ ಘಾಟಿ, ಎರಡೂ ಬದಿಗೆ ಹಿಮ. ಏನಾದರೂ ಹೇಳಬೇಕು, ಅಪ್ಪನಂತೆ ಬೈಯಬೇಕು ಅಂದುಕೊಂಡ. ಎರಡು ತಿರುವು ದಾಟುವಷ್ಟರಲ್ಲಿ ಅವನ ತಲೆ ವಾಲಿತು.

ಆಸ್ಫಿಯಾ ನೇರಪ್ರಸಾರದಲ್ಲಿ ಮಾತಾಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕೇಳುಗರೊಬ್ಬರು ಬರೆದು ಕೇಳಿದರು, ಹಿಂದೆ ಅದೇನು ಸದ್ದು, ಎಂಜಿನ್ ಕೆಟ್ಟಿದೆಯಾ ಎಂದು. ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಮೈಕನ್ನು ಮುಚ್ಚಲಿಲ್ಲ.

"ಅದು ನಮ್ಮ ಅಬ್ಬಾರಿ, ಗೊರಕಿ ಹೊಡ್ಯಾಕತ್ಯಾರ," ಎಂದಳು. "ದಣದಾರ. ಮಕ್ಕೊಳ್ಳಿ ಬಿಡ್ರಿ."

ಇಳಿಜಾರು ಬಂತು. ಅವಳು ಬ್ರೇಕ್ ತುಳಿಯಲಿಲ್ಲ, ಗೇರ್ ಇಳಿಸಿದಳು. ಆ ರಾತ್ರಿಯ ರೆಕಾರ್ಡಿಂಗನ್ನು ಎರಡು ಕಡೆ ಉಳಿಸಿಟ್ಟಳು, ಗೊರಕೆಯನ್ನು ಎಲ್ಲೂ ಕತ್ತರಿಸಲಿಲ್ಲ.